ಬಾಗಿಲ ಸಂದಿಯ ಬೆಳಕು

ಫೆಬ್ರುವರಿ 3

ಗುಬ್ಬಿಗೆ,

ಅಕ್ಕ ಫೋನು ಬಿಟ್ಟು ಪೆನ್ನು ಹಿಡಿದಳಲ್ಲ, ಏನಾಯಿತೋ ಎಂದು ಗಾಬರಿಯಾಗಬೇಡ. ಎಲ್ಲರೂ ಬದುಕಿದ್ದೇವೆ. ಫೋನಿನಲ್ಲಿ ನೀನು 'ಹೂಂ, ಹೂಂ' ಅನ್ನುತ್ತಲೇ ಇನ್ನೇನೋ ಟೈಪು ಮಾಡುತ್ತಿರುತ್ತೀಯ, ಆ ಟಕಟಕ ಇಲ್ಲಿಯವರೆಗೂ ಕೇಳುತ್ತದೆ. ನನ್ನ ಕಡೆಯಿಂದ ನಿನಗೆ ಬರೀ ಕೋಳಿಗಳ ಗಲಾಟೆ. ಇಬ್ಬರೂ ಅರ್ಧರ್ಧ ಕೇಳಿಸಿಕೊಂಡು ಪೂರ್ತಿ ಮಾತಾಡಿದೆವು ಅಂದುಕೊಳ್ಳುತ್ತೇವೆ. ಕಾಗದವಾದರೆ ನೀನು ಕೂತು ಓದಲೇಬೇಕು.

ವಿಷಯ ನಿನ್ನ ಭಾವನದು. ಇವರಿಗೆ ಪಂಜರ ಬೇಡವಾಗಿದೆ.

ಹೋದ ತಿಂಗಳು ಎರಡನೇ ಶೆಡ್ಡಿನಲ್ಲಿ ಒಂದು ಕೋಳಿ ಸತ್ತಿತ್ತು. ತೆಗೆಯಲು ಕೈ ಹಾಕಿದರೆ ಅದು ಬರಲೊಲ್ಲದು. ಕಾಲಿನ ಉಗುರು ಬೆಳೆದು ಬೆಳೆದು ಕೆಳಗಿನ ತಂತಿಯನ್ನು ಸುತ್ತಿಕೊಂಡಿತ್ತು. ಇಕ್ಕಳ ತಂದು ಉಗುರು ಕತ್ತರಿಸಿ ಬಿಡಿಸಬೇಕಾಯಿತು. ಇದೇನು ಹೊಸದಲ್ಲ, ನಾನೇ ಎಷ್ಟೋ ಸಲ ಹಾಗೆ ಬಿಡಿಸಿದ್ದೇನೆ. ಆದರೆ ಇವರು ಆ ತಂತಿಯನ್ನು ಬೆರಳಿನಿಂದ ಸವರಿ ನೋಡಿ, "ಈ ಬೆಸುಗೆ ನಂದೇ ಕಣೇ" ಅಂದರು. ಮದುವೆಗೆ ಮೊದಲು ಇವರದು ವೆಲ್ಡಿಂಗ್ ಅಂಗಡಿ ಇತ್ತಲ್ಲ, ನಮ್ಮ ಎರಡೂ ಶೆಡ್ಡಿನ ಪಂಜರಗಳನ್ನು ಮಾಡಿದ್ದು ಇವರ ಕೈಯೇ. ಅವತ್ತಿನಿಂದ ಒಳಗೆ ಕಾಲಿಟ್ಟಿಲ್ಲ. ಬಾಗಿಲಲ್ಲಿ ನಿಂತು, "ಆ ಕಡೆ ನೀರು ಬರ್ತಿದ್ಯಾ ನೋಡು" ಅಂತ ನನಗೆ ಹೇಳುತ್ತಾರೆ. ಮೊಟ್ಟೆ ಆರಿಸುವುದು, ಮೇವು ಹಾಕುವುದು, ಸತ್ತದ್ದನ್ನು ತೆಗೆಯುವುದು ಎಲ್ಲ ನನ್ನ ತಲೆಗೇ ಬಂದಿದೆ. ಯಜಮಾನರು ಬಾಗಿಲು ಕಾಯುತ್ತಾರೆ.

ಪಂಜರ ತೆಗೆದು ನೆಲದ ಮೇಲೆ ಕೋಳಿ ಸಾಕುವವರಿಗೆ ನಿನ್ನ ಸಂಸ್ಥೆ ಅನುದಾನ ಕೊಡುತ್ತದೆ ಅಂತ ನೀನೇ ಹೇಳಿದ್ದೆ. ಅರ್ಜಿ ಹಾಕಿದ್ದಾರೆ. ಮೊದಲನೇ ಶೆಡ್ಡಿನ ಮುದಿ ಕೋಳಿಗಳನ್ನು ಮಾರಿಯಾಗಿದೆ, ಅದು ಖಾಲಿ ಬಿದ್ದಿದೆ. ಅದನ್ನೇ ಹೊಸದು ಮಾಡುವುದಂತೆ. ಇಷ್ಟೇ ಆಗಿದ್ದರೆ ನಾನು ನಿನಗೆ ಬರೆಯುತ್ತಿರಲಿಲ್ಲ. ಎರಡನೇ ಶೆಡ್ಡಿನಲ್ಲಿ ಈಗ ಪಂಜರದಲ್ಲಿರುವ ಕೋಳಿಗಳೂ ಒಂದು ಸಲ ಹೊರಗೆ ಬರಬೇಕು ಅಂತ ಇವರ ಹಟ. "ಮಾರೋದಕ್ಕೆ ಮುಂಚೆ ಒಂದು ದಿನ ಆದ್ರೂ ನೆಲದ ಮೇಲೆ ನಡೀಲಿ. ಇಲ್ದೇ ಹೋದ್ರೆ ಯಾವ ಮುಖ ಇಟ್ಕೊಂಡು ಹೊಸ ಮರಿ ತರ್ಲಿ?" ಅಂತಾರೆ. ನಾನು ನಕ್ಕುಬಿಟ್ಟೆ. ಅವತ್ತು ಇವರು ಊಟ ಮಾಡಲಿಲ್ಲ.

ಅನುದಾನ ಬರದಿದ್ದರೆ ಇವರು ಫಾರಂ ಬಿಟ್ಟೇಬಿಡುತ್ತಾರೆ, ಅದು ನನಗೆ ಗೊತ್ತು. ಬಿಟ್ಟು ಏನು ಮಾಡಿಕೊಳ್ಳುತ್ತಾರೆ ಅನ್ನುವುದು ಗೊತ್ತಿಲ್ಲ. ಭಯ ಇರುವುದು ಅಲ್ಲೇ. ಸಾಹೇಬರು ಸ್ವಲ್ಪ ನೋಡಬೇಕು.

ನಿನ್ನ ಅಕ್ಕ


ಫೆಬ್ರುವರಿ 16

ಪ್ರೀತಿಯ ಅಕ್ಕ,

ಕಾಗದವನ್ನು ಕೂತೇ ಓದಿದೆ, ಟೈಪು ಮಾಡುತ್ತಾ ಅಲ್ಲ. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಓದಿದೆ. ಇಲ್ಲಿ ಎಲ್ಲ ಗೋಡೆಗಳೂ ಗಾಜಿನವು, ಯಾರು ಏನು ಓದುತ್ತಾರೆ ಎಂದು ಎಲ್ಲರಿಗೂ ಕಾಣುತ್ತದೆ.

ಮೊದಲು ಮುಖ್ಯವಾದ ಮಾತು. ನಾನು ನಿನ್ನ ತಮ್ಮ ಎಂಬುದು ಬಾಯಿಯಲ್ಲಾಗಲಿ ಬರಹದಲ್ಲಾಗಲಿ ಎಲ್ಲೂ ಬರಬಾರದು. ಸಂಬಂಧಿಕರ ಅರ್ಜಿ ಬಂದರೆ ನಾವೇ ಮುಂದಾಗಿ ಹೇಳಿಕೊಳ್ಳಬೇಕು ಎಂಬ ನಿಯಮವಿದೆ. ಹೇಳಿಕೊಂಡರೆ ಅರ್ಜಿ ಪಕ್ಕಕ್ಕೆ ಸರಿಯುತ್ತದೆ, ವರ್ಷವೆಲ್ಲ ಅಲ್ಲೇ ಕೂರುತ್ತದೆ. ನಾನು ಹೇಳಿಕೊಂಡಿಲ್ಲ. ಅರ್ಜಿ ಈಗ ಪಕ್ಕದ ಮೇಜಿನವರ ಬಳಿ ಇದೆ. ಒಳ್ಳೆಯ ಫಾರಂ ಇರಬಹುದು ಅನ್ನಿಸುತ್ತದೆ ಎಂದು ನಾನು ಸುಮ್ಮನೆ ಮಾತಿಗೆ ಅಂದಿದ್ದೇನೆ. ಅಷ್ಟು ಸಾಕು.

ಭಾವನ ಆಸೆ ಮಾತ್ರ ನಡೆಯುವುದಿಲ್ಲ. ಪಂಜರದಲ್ಲಿ ಬೆಳೆದ ಕೋಳಿಗಳನ್ನು ಹೊಸ ಶೆಡ್ಡಿಗೆ ಬಿಡುವಂತಿಲ್ಲ, ಮರಿಯಿಂದಲೂ ನೆಲದ ಮೇಲೆ ಬೆಳೆದವು ಮಾತ್ರ ಬರಬೇಕು ಎಂದು ಷರತ್ತಿನಲ್ಲಿದೆ. ಹಳೆಯದರಿಂದ ಹೊಸದಕ್ಕೆ ರೋಗ ಅಂಟಬಾರದು ಎಂದಿರಬೇಕು. ಅವರಿಗೆ ಮೆಲ್ಲಗೆ ತಿಳಿಸಿ ಹೇಳು. ನಿಜ ಹೇಳಬೇಕೆಂದರೆ ಭಾವನಿಗೆ ಬೇಸರವಾಗಿರುವುದು ಕೋಳಿಗಳಿಗಾಗಿ ಅಲ್ಲ ಅನ್ನಿಸುತ್ತದೆ, ಅಷ್ಟು ವರ್ಷ ಒಂದೇ ಕೆಲಸ ಮಾಡಿದರೆ ಯಾರಿಗಾದರೂ ಹಾಗೆ ಆಗುತ್ತದೆ. ಹೊಸ ಶೆಡ್ ಕಟ್ಟಲು ಶುರು ಮಾಡಿದರೆ ಸರಿಹೋಗುತ್ತಾರೆ.

ಇಲ್ಲಿ ನನ್ನ ಮೇಜಿನ ಹಿಂದೆ ಗೋಡೆಯಷ್ಟು ದೊಡ್ಡ ಕೋಳಿಯ ಚಿತ್ರವಿದೆ, ಹುಲ್ಲಿನ ಮೇಲೆ ನಿಂತದ್ದು. ಅದರ ಕೆಳಗೆ ಕೂರುವವರಲ್ಲಿ ಯಾರೂ ಕೋಳಿಗೂಡಿನ ವಾಸನೆ ಬಲ್ಲವರಲ್ಲ. ಅಮ್ಮನ ಕೋಳಿಗಳ ನಡುವೆ ಬೆಳೆದವನು ನಾನೊಬ್ಬನೇ. ಅದನ್ನೂ ಯಾರಿಗೂ ಹೇಳಿಕೊಂಡಿಲ್ಲ.

ನಿನ್ನ ಗುಬ್ಬಿ


ಏಪ್ರಿಲ್ 21

ಗುಬ್ಬಿಗೆ,

ಮೊದಲ ಕಂತು ಬಂತು. ನೀನು 'ಸುಮ್ಮನೆ ಮಾತಿಗೆ' ಅಂದದ್ದು ಚೆನ್ನಾಗಿಯೇ ಕೆಲಸ ಮಾಡಿದೆ. ಇನ್ನು ಮುಂದೆ ನನ್ನ ವಿಷಯದಲ್ಲೂ ಆಗಾಗ ಸುಮ್ಮನೆ ಮಾತಿಗೆ ಏನಾದರೂ ಅನ್ನುತ್ತಿರು.

ನಿನ್ನ ಭಾವನನ್ನು ಈಗ ನೋಡಿದರೆ ನೀನು ಗುರುತು ಹಿಡಿಯುವುದಿಲ್ಲ. ಗ್ಯಾಸ್ ಕಟರ್ ಹಿಡಿದು ಮೊದಲನೇ ಶೆಡ್ಡಿನ ಪಂಜರಗಳನ್ನೆಲ್ಲ ತಾವೇ ಕತ್ತರಿಸಿದರು. ಗುಜರಿಯವನು ಬಂದು ಇಡಿಯಾಗಿ ಕೊಡಿ, ಒಳ್ಳೆ ಬೆಲೆ ಬರುತ್ತೆ ಅಂದ. "ಇಡಿಯಾಗಿ ಕೊಟ್ರೆ ನೀನು ಇನ್ನೊಬ್ರಿಗೆ ಪಂಜರ ಅಂತಲೇ ಮಾರ್ತೀಯ" ಅಂತ ಹೇಳಿ ಮೊಳದುದ್ದದ ತುಂಡು ಮಾಡಿ ಕೊಟ್ಟರು. ಅವನು ಇವರಿಗೆ ತಲೆ ಕೆಟ್ಟಿದೆ ಎಂದು ನನ್ನ ಕಡೆ ನೋಡಿದ. ನಾನೇನು ಮಾಡಲಿ, ಹೌದು ಅಂತ ತಲೆಯಾಡಿಸಿದೆ.

ಶೆಡ್ಡಿನ ನೆಲಕ್ಕೆ ದಪ್ಪಗೆ ಹೊಟ್ಟು ಹರಡಿದ್ದಾರೆ. ಮೊಟ್ಟೆಯಿಡಲು ಗೂಡುಗಳು, ಅವಕ್ಕೆ ನನ್ನ ಹಳೇ ಕಿಟಕಿಪರದೆ ಹರಿದು ಮರೆ. ಕೋಳಿ ಹತ್ತಿ ಕೂರಲು ಮರದ ಅಡ್ಡಗೋಲುಗಳು, ಒಂದರ ಮೇಲೊಂದು ಮೆಟ್ಟಿಲಿನ ಹಾಗೆ. ಪ್ರತಿ ಗೋಲನ್ನೂ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ, ಚೂಪಿದ್ದರೆ ಅಂಗಾಲಿಗೆ ಚುಚ್ಚುತ್ತದಂತೆ. ಗಟ್ಟಿ ಇದೆಯೋ ಇಲ್ಲವೋ ಎಂದು ತಾವೇ ಹತ್ತಿ ಕೂತರು. ನಮ್ಮ ಮನೆಯ ದೊಡ್ಡ ಹುಂಜ ಅಡ್ಡಗೋಲಿನ ಮೇಲೆ ಕೂತು ಕೂಗಲಿಲ್ಲ, ಅದೊಂದೇ ಕಡಿಮೆ.

ಬಾಗಿಲನ್ನೂ ಹೊಸದಾಗಿ ಮಾಡಿದ್ದಾರೆ, ಒಳಕ್ಕೆ ತೆರೆಯುವಂಥದ್ದು. ಬುಡದಲ್ಲಿ ಒಂದು ಸಂದಿ ಉಳಿದುಬಿಟ್ಟಿದೆ, ಆಮೇಲೆ ಮುಚ್ಚುತ್ತೇನೆ ಅಂತಾರೆ.

ಹಳೇ ಕೋಳಿಗಳನ್ನು ಬಿಡುವಂತಿಲ್ಲ ಅಂತ ಹೇಳಿದೆ. ಉಪ್ಪುಕಾಗದ ಎತ್ತಿಕೊಂಡು ಎದ್ದು ಹೋದರು. ಹೊಸ ಮರಿಗಳು ನೆಲದ ಮೇಲೆ ಬೆಳೆದು ಇಲ್ಲಿಗೆ ಬರುವುದು ಆಗಸ್ಟಿಗೆ. ಅಲ್ಲಿಯವರೆಗೆ ಶೆಡ್ ಖಾಲಿ. ಸಂಜೆ ಚಹಾ ಲೋಟ ಹಿಡಿದು ಒಬ್ಬರೇ ಅಲ್ಲಿ ಹೋಗಿ ಕೂರುತ್ತಾರೆ. ಆಚೆ ಎರಡನೇ ಶೆಡ್ಡಿನಿಂದ ಪಂಜರದ ಕೋಳಿಗಳ ಸದ್ದು ಕೇಳುತ್ತಿರುತ್ತದೆ. ಏನು ಯೋಚನೆ ಮಾಡುತ್ತಾರೋ ನಾನು ಕೇಳಿಲ್ಲ.

ಅಕ್ಕ


ಮೇ 9

ಪ್ರೀತಿಯ ಅಕ್ಕ,

ಒಂದು ಅವಸರದ ವಿಷಯ. ನಿಮ್ಮ ಫಾರಂನ ತಪಾಸಣೆ ಆಗಸ್ಟಿನಲ್ಲಿ ಅಲ್ಲ, ಇದೇ ಹದಿನೇಳಕ್ಕೆ. ಜುಲೈಯಲ್ಲಿ ಸಂಸ್ಥೆಯ ವಾರ್ಷಿಕ ಸಭೆ ಇದೆ, ದಾನಿಗಳೆಲ್ಲ ಬರುತ್ತಾರೆ, ಅವರಿಗೆ ತೋರಿಸಲು ಫೋಟೋಗಳು ಬೇಕು. ಮೇಲಿನವರಿಗೆ ಖಾಲಿ ಶೆಡ್ಡಿನ ಫೋಟೋ ಬೇಡ. ಕೋಳಿ ಇಲ್ಲದಿದ್ದರೆ 'ಕೆಲಸ ಮುಗಿದಿಲ್ಲ' ಎಂದು ಬರೆಯುತ್ತಾರೆ. ಹಾಗೆ ಬರೆದರೆ ಎರಡನೇ ಕಂತು ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷ ಈ ಯೋಜನೆಯೇ ಇರುತ್ತದೋ ಇಲ್ಲವೋ.

ನನಗೊಂದು ದಾರಿ ಕಾಣುತ್ತದೆ. ಎರಡನೇ ಶೆಡ್ಡಿನ ಕೋಳಿಗಳನ್ನು ಅವತ್ತು ಒಂದು ದಿನದ ಮಟ್ಟಿಗೆ ಹೊಸ ಶೆಡ್ಡಿಗೆ ಬಿಡಿ. ಷರತ್ತಿನ ಮಾತು ನನಗೆ ಬಿಡು, ಬರುವವರು ಫೋಟೋದವರು, ಯಾವ ಕೋಳಿ ಎಲ್ಲಿ ಬೆಳೆದದ್ದು ಎಂದು ಅವರಿಗೆ ತಿಳಿಯುವುದಿಲ್ಲ. ಅವರು ಹೋದ ಮೇಲೆ ವಾಪಸ್ಸು ಹಾಕಿದರಾಯಿತು. ಭಾವನ ಆಸೆಯೂ ತೀರಿದ ಹಾಗಾಯಿತು. ನನ್ನ ಕಡೆಯಿಂದ ಉಡುಗೊರೆ ಎಂದು ಹೇಳು.

ಅವಕ್ಕೆ ಹೊಸ ಜಾಗ ಒಗ್ಗುತ್ತದೋ ಇಲ್ಲವೋ ಎಂದು ನೀನು ಕೇಳಬಹುದು. ಅಮ್ಮನ ಕೋಳಿಗಳನ್ನು ನೆನಪು ಮಾಡಿಕೋ. ಸಂಜೆಯಾದರೆ ತಾವಾಗಿಯೇ ಹಿತ್ತಿಲ ಮರ ಹತ್ತಿ ಸಾಲಾಗಿ ಕೂರುತ್ತಿರಲಿಲ್ಲವೇ? ಅವಕ್ಕೆ ಯಾರು ಕಲಿಸಿದ್ದು? ಕೋಳಿಗೆ ಅದು ಹುಟ್ಟಿನಿಂದಲೇ ಬರುತ್ತದೆ.

ನಿನ್ನ ಗುಬ್ಬಿ


ಮೇ 24

ತಮ್ಮನಿಗೆ,

ನಿನ್ನ ಸಂಸ್ಥೆಯವರು ಹದಿನೇಳಕ್ಕೆ ಬಂದು ಹೋದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು, ಕ್ಯಾಮರಾ ಅವಳದು.

ಬೆಳಗ್ಗೆಯೇ ಕೋಳಿಗಳನ್ನು ಹೊತ್ತು ತಂದು ಬಿಟ್ಟಿದ್ದೆವು. ಬಹಳ ಹೊತ್ತು ಅವು ಇಟ್ಟಲ್ಲೇ ನಿಂತಿದ್ದವು. ಆಮೇಲೆ ಒಂದು ಕಾಲೆತ್ತಿ ಹೊಟ್ಟಿನ ಮೇಲಿಟ್ಟಿತು, ಇನ್ನೊಂದು ರೆಕ್ಕೆ ಬಿಚ್ಚಿತು. ರೆಕ್ಕೆ ಪೂರ್ತಿ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇವರು ಒಂದನ್ನು ಎತ್ತಿಕೊಂಡು ನಗುತ್ತಿರುವಾಗ ಅವಳು ಫೋಟೋ ತೆಗೆದಳು. ಎಲ್ಲ ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು.

ಅವರು ಹೋದ ಮೇಲೆ ಇವರು ಶೆಡ್ ಮುಚ್ಚಿದರು. ಇಲ್ಲಿ ಕೆಲಸ ಬಹಳ ಇದೆ, ನಿಲ್ಲಿಸುತ್ತೇನೆ.

ಅಕ್ಕ


ಜೂನ್ 5

ಪ್ರೀತಿಯ ಅಕ್ಕ,

ಒಳ್ಳೆಯ ಸುದ್ದಿಗಳ ಸರಮಾಲೆಯೇ ಇದೆ, ಕೂತುಕೊಂಡು ಓದು.

ಎರಡನೇ ಕಂತು ಮಂಜೂರಾಗಿದೆ. ಭಾವ ಕೋಳಿ ಎತ್ತಿಕೊಂಡು ನಗುವ ಫೋಟೋವನ್ನು ನಮ್ಮ ನಿರ್ದೇಶಕರು ನೋಡುತ್ತಲೇ ನಿಂತುಬಿಟ್ಟರು. ನನ್ನ ಮೇಜಿನ ಹಿಂದಿದ್ದ ಹುಲ್ಲಿನ ಮೇಲಿನ ಕೋಳಿಯನ್ನು ತೆಗೆದು ಅಲ್ಲಿ ಭಾವನನ್ನು ಹಾಕಿದ್ದಾರೆ. ದಿನವಿಡೀ ಭಾವ ನನ್ನ ಬೆನ್ನಿಗೆ ನಿಂತು ನಗುತ್ತಿರುತ್ತಾರೆ, ನಾನು ಯಾರಿಗೂ ಏನೂ ಹೇಳದೆ ಕೆಲಸ ಮಾಡುತ್ತೇನೆ. ಎಂಥಾ ತಮಾಷೆ ನೋಡು.

ಇನ್ನೊಂದು. ರೈತರಿಗೆ ಕೊಡಲು ಕೈಪಿಡಿ ಸಿದ್ಧವಾಗುತ್ತಿದೆ. ತಪಾಸಣೆಯ ದಿನ ಶೆಡ್ ಖಾಲಿ ಇರುವುದು ಬೇಡ, ಪಂಜರದ ಕೋಳಿಗಳನ್ನೇ ಅವತ್ತು ಹೊಸ ಶೆಡ್ಡಿಗೆ ಬಿಡುವುದಾಗಲಿ ಎಂದು ಸಭೆಯಲ್ಲಿ ಹೇಳಿದೆ, ಒಂದು ಫಾರಂನಲ್ಲಿ ಹಾಗೆ ಮಾಡಿ ಚೆನ್ನಾಗಿ ಆಗಿದೆ ಎಂದೂ ಹೆಸರೆತ್ತದೆ ಹೇಳಿದೆ. ಹಳೆಯ ಷರತ್ತನ್ನು ಯಾರು ಯಾಕೆ ಹಾಕಿದ್ದರೋ ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ತೆಗೆದುಹಾಕಿದರು. ಮೊದಲ ಹೆಜ್ಜೆ ಇಡುವ ಕೋಳಿಯ ಫೋಟೋ ಅಂದರೆ ದಾನಿಗಳಿಗೆ ಪ್ರಾಣ. ಈ ಕಚೇರಿಗೆ ಸೇರಿದ ಮೇಲೆ ನಾನು ಆಡಿದ ಮಾತನ್ನು ಯಾರಾದರೂ ಬರೆದುಕೊಂಡದ್ದು ಇದೇ ಮೊದಲು.

ಜುಲೈ ಹನ್ನೆರಡರ ಸಭೆಯಲ್ಲಿ ಭಾವ ನಾಲ್ಕು ಮಾತಾಡಬೇಕು. ನಾನೇ ಬರೆದು ಕಳಿಸುತ್ತೇನೆ. ಕೋಳಿಗಳು ಹೇಗಿವೆ? ವಾಪಸ್ಸು ಪಂಜರಕ್ಕೆ ಹೋಗಲು ಒಪ್ಪಿದವೋ, ಇಲ್ಲ ಗಲಾಟೆ ಮಾಡಿದವೋ?

ನಿನ್ನ ಗುಬ್ಬಿ


ಜೂನ್ 22

ಅಕ್ಕ,

ಉತ್ತರವಿಲ್ಲ. ಭಾವ ಫೋನು ಎತ್ತುವುದಿಲ್ಲ. ನೀನು ಎತ್ತಿದರೆ, "ಕೈ ಕೆಲಸದಲ್ಲಿದೆ, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಡುತ್ತೀಯ. ನಿಮ್ಮ ಶ್ರಮದಿಂದ ನಾನು ಹೆಸರು ಮಾಡಿಕೊಂಡೆ ಎಂದು ಮುನಿಸಿಕೊಂಡಿದ್ದೀಯಾ? ಹಾಗಿದ್ದರೆ ನೇರವಾಗಿ ಬೈದುಬಿಡು. ನಿನ್ನ ಬೈಗುಳ ನನಗೆ ಅಭ್ಯಾಸವಿದೆ, ಮೌನ ಅಭ್ಯಾಸವಿಲ್ಲ.

ಕೈಪಿಡಿ ಅಚ್ಚಾಗಿದೆ. ಇದರೊಂದಿಗೆ ಒಂದು ಪ್ರತಿ ಇಟ್ಟಿದ್ದೇನೆ. ಮುಖಪುಟದಲ್ಲಿ ಭಾವ. ತಪಾಸಣೆಯ ದಿನ ಕೋಳಿ ಬಿಡುವ ಒಂಬತ್ತನೇ ಪುಟ ನನ್ನದು. ಭಾವನ ಭಾಷಣವೂ ಜೊತೆಗಿದೆ, ಚಿಕ್ಕದೇ.

ಗುಬ್ಬಿ


ಜೂನ್ 28

ತಮ್ಮನಿಗೆ,

ಕೈಪಿಡಿ ಬಂತು. ಇವರ ಕಣ್ಣಿಗೆ ಬೀಳಬಾರದೆಂದು ಮೇವಿನ ಮೂಟೆಗಳ ಹಿಂದೆ ಇಟ್ಟಿದ್ದೇನೆ. ಒಂಬತ್ತನೇ ಪುಟ ಓದಿದ ಮೇಲೆ ಸುಮ್ಮನಿರುವುದು ನನ್ನಿಂದಾಗುವುದಿಲ್ಲ. ಅವತ್ತು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಮೆಟ್ಟಿಲ ಮೇಲಾದರೂ ಕೂತುಕೋ, ಎಲ್ಲಾದರೂ ಕೂತುಕೋ, ಪೂರ್ತಿ ಓದು.

ಫೋಟೋದವರ ಕಾರು ಹೋಯಿತು. ಕೋಳಿಗಳನ್ನು ವಾಪಸ್ಸು ಹಾಕೋಣ ಅಂದೆ. "ಇವತ್ತೊಂದಿನ ಇಲ್ಲೇ ಮಲಗ್ಲಿ ಬಿಡೇ, ಬೆಳಗ್ಗೆ ನೋಡೋಣ" ಅಂದರು. ಅಷ್ಟು ಖುಷಿಯಾದ ಮುಖವನ್ನು ನಾನು ನೋಡಿರಲಿಲ್ಲ. ಹೂಂ ಅಂದೆ. ಕತ್ತಲಾಗುತ್ತಾ ಬಂತು. ಎಂದಿನ ಹಾಗೆ ಇವರು ಒಂದೇ ಸ್ವಿಚ್ಚಿನಲ್ಲಿ ಎಲ್ಲ ದೀಪ ಆರಿಸಿದರು. ಪಂಜರ ಇಟ್ಟವರಿಗೆ ಅದೇ ರೂಢಿ. ಪಂಜರದಲ್ಲಿ ದೀಪ ಆರಿದರೆ ಕೋಳಿ ಇದ್ದಲ್ಲೇ ಕೂರುತ್ತದೆ, ಹೋಗಲು ಜಾಗವೆಲ್ಲಿದೆ? "ಪಾಪ, ಸುಸ್ತಾಗಿರ್ತವೆ" ಅಂತ ಬಾಗಿಲೆಳೆದುಕೊಂಡು ಬಂದರು. ಒಳಗೆ ಸ್ವಲ್ಪ ಹೊತ್ತು ಗಲಾಟೆ ಕೇಳಿತು. "ಹೊಸ ಜಾಗ ಅಲ್ವಾ, ಜಾಗಕ್ಕೆ ಜಗಳ ಆಡ್ತಿವೆ" ಅಂದು ನಕ್ಕರು. ಆಮೇಲೆ ಸದ್ದು ನಿಂತಿತು. ಮಲಗಿದವು ಅಂದುಕೊಂಡು ನಾವೂ ಮಲಗಿದೆವು.

ಬೆಳಗ್ಗೆ ಬಾಗಿಲು ತಳ್ಳಿದರೆ ತೆರೆಯಲಿಲ್ಲ.

ಬಾಗಿಲ ಬುಡದಲ್ಲಿ ಸಂದಿ ಉಳಿದಿದೆ ಎಂದು ಬರೆದಿದ್ದೆನಲ್ಲ. ಅಂಗಳದ ದೀಪದ ಬೆಳಕು ಆ ಸಂದಿಯಿಂದ ಒಳಗೆ ಬೀಳುತ್ತದೆ. ಆ ಕತ್ತಲಲ್ಲಿ ಅದೊಂದೇ ಬೆಳಕು. ಎಲ್ಲವೂ ಅದರ ಹತ್ತಿರಕ್ಕೆ ಬಂದಿವೆ, ಒಂದರ ಮೇಲೊಂದು, ಅದರ ಮೇಲೆ ಇನ್ನೊಂದು. ತಳ್ಳಿದರೆ ಒಳಗಿನವು ಇನ್ನೂ ನಜ್ಜಾಗುತ್ತವೆ ಎಂದು ಇವರು ಬಾಗಿಲ ಕೀಲನ್ನೇ ಬಿಚ್ಚಿದರು. ಮೇಲಿನವು ಬದುಕಿದ್ದವು. ಅಡಿಯವು ಉಸಿರು ಕಟ್ಟಿ ಸತ್ತು, ಇನ್ನೂ ಬೆಚ್ಚಗಿದ್ದವು. ಬೆಚ್ಚಗಿದ್ದುದರಿಂದ ಇವರು ನಂಬಲಿಲ್ಲ, ಒಂದೊಂದನ್ನೂ ಕಿವಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದರು. ಉಪ್ಪುಕಾಗದ ಹಾಕಿ ಉಜ್ಜಿದ ಅಡ್ಡಗೋಲಿನ ಮೇಲೆ ಒಂದೂ ಇರಲಿಲ್ಲ.

ಉಳಿದವನ್ನು ಎತ್ತಿಕೊಂಡು ಎರಡನೇ ಶೆಡ್ಡಿಗೆ ಹೋದೆವು. ಪಂಜರದ ಬಾಗಿಲು ತೆರೆದದ್ದೇ ತಡ, ಅವು ನಮ್ಮ ಕೈ ಬಿಡಿಸಿಕೊಂಡು ತಾವೇ ಒಳಗೆ ನುಗ್ಗಿದವು. ಇವರು ಅದನ್ನು ನೋಡುತ್ತಾ ನಿಂತರು. ಸತ್ತದ್ದನ್ನು ನೋಡಿದ್ದನ್ನಾದರೂ ಹೇಗೋ ತಡೆದುಕೊಳ್ಳುತ್ತಿದ್ದರು. ಇದನ್ನು ಇವರು ನೋಡಬಾರದಿತ್ತು.

ಅವತ್ತಿನಿಂದ ಇವರು ಮನೆಯಲ್ಲಿ ದೀಪ ಆರಿಸಲು ಬಿಡುವುದಿಲ್ಲ, ಎಲ್ಲ ಕೋಣೆಯಲ್ಲೂ ಬೆಳಗಿನವರೆಗೆ ಉರಿಯಬೇಕು. ನಾನು ಕಣ್ಣಿನ ಮೇಲೆ ಬಟ್ಟೆ ಹಾಕಿಕೊಂಡು ಮಲಗುತ್ತೇನೆ.

ನೀನು ಅಮ್ಮನ ಕೋಳಿಗಳ ಮಾತೆತ್ತಿದ್ದೆ. ನಿನ್ನ ಕಾಗದ ಬಂದಾಗ ನನಗೂ ಹೌದಲ್ಲ ಅನ್ನಿಸಿತು. ಈಗ ನೆನಪಾಗುತ್ತದೆ. ಅವಕ್ಕೆ ಕಲಿಸುತ್ತಿದ್ದದ್ದು ತಾಯಿಕೋಳಿ. ಒಂದು ಸಲ ತಾಯಿ ಸತ್ತುಹೋಗಿ ಮರಿಗಳು ಮಾತ್ರ ಉಳಿದಿದ್ದವು. ಅಮ್ಮ ಹೇಳಿದರೆಂದು ಪ್ರತಿ ಸಂಜೆ ನಾನು ಒಂದೊಂದನ್ನೇ ಎತ್ತಿ ಕೊಂಬೆಯ ಮೇಲೆ ಕೂರಿಸುತ್ತಿದ್ದೆ, ಅವು ಕಲಿಯುವವರೆಗೆ. ನೀನು ಕೆಳಗೆ ನಿಂತು ಲಾಟೀನು ಹಿಡಿದಿರುತ್ತಿದ್ದೆ. ಇಬ್ಬರೂ ಮರೆತೆವು. ನಿಮ್ಮ ಷರತ್ತು ಇದ್ದದ್ದು ರೋಗಕ್ಕಲ್ಲ, ಇದಕ್ಕೆ.

ಎರಡನೇ ಕಂತು ಹೋಗುತ್ತದೆ, ನಿನಗೂ ತೊಂದರೆ ಎಂದು ಇಷ್ಟು ದಿನ ನುಂಗಿಕೊಂಡೆ. ನಮ್ಮ ಪಾಡಿಗೆ ನಾವು ಸುಮ್ಮನಿದ್ದರೆ ಮುಗಿಯಿತು ಅಂದುಕೊಂಡಿದ್ದೆ. ಈಗ ನಮ್ಮದು ಪುಸ್ತಕವಾಗಿದೆ. ಆ ಪುಟ ಹರಿದು ಹಾಕಿಸು ಗುಬ್ಬಿ. ಯಾರ ಕೈಗೂ ಹೋಗುವ ಮೊದಲು ಹರಿದು ಹಾಕಿಸು.

ಅಕ್ಕ


ಜುಲೈ 6

ಅಕ್ಕ,

ನಿನ್ನ ಕಾಗದ ತಲುಪಿತು. ತುಂಬಾ ನೋವಾಯಿತು. ಎಷ್ಟು ಸತ್ತವು ಎಂದು ನೀನು ಬರೆದಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು, ನನಗೆ ಗೊತ್ತಿದ್ದರೆ ನಾನು ವರದಿ ಮಾಡಬೇಕಾಗುತ್ತಿತ್ತು.

ನೀನು ನನ್ನ ಜಾಗದಲ್ಲಿ ನಿಂತು ನೋಡಬೇಕು. ಕೈಪಿಡಿಗಳು ಎಲ್ಲ ಫಾರಂಗಳಿಗೂ ಹೋಗಿಯಾಗಿದೆ. ವಾಪಸ್ಸು ತರಿಸಬೇಕೆಂದರೆ ಕಾರಣ ಬರೆಯಬೇಕು. ಕಾರಣ ಬರೆದರೆ ನಿಮ್ಮ ಫಾರಂ ಹೆಸರು ಬರುತ್ತದೆ, ಷರತ್ತು ಮುರಿದು ತಪಾಸಣೆ ಮುಗಿಸಿದ್ದು ಬರುತ್ತದೆ, ನಾನು ಯಾರು ಎಂಬುದು ಬರುತ್ತದೆ. ಎರಡೂ ಕಂತು ವಾಪಸ್ಸು ಕೇಳುತ್ತಾರೆ. ಸಭೆ ಮುಗಿಯಲಿ. ಮುಂದಿನ ಮುದ್ರಣದಲ್ಲಿ ಒಂದು ಸಾಲು ಸೇರಿಸಲು ಸೂಚಿಸಿದ್ದೇನೆ: 'ದೀಪಗಳನ್ನು ಹಂತಹಂತವಾಗಿ ಆರಿಸುವುದು ಒಳ್ಳೆಯದು.' ಅಷ್ಟನ್ನು ಒಪ್ಪಿಸುವುದೂ ಸುಲಭವಾಗಲಿಲ್ಲ.

ಎಲ್ಲ ಕಡೆಯೂ ಹೀಗೇ ಆಗಬೇಕೆಂದಿಲ್ಲ. ನಿಮ್ಮಲ್ಲಿ ಬಾಗಿಲ ಸಂದಿ ಇತ್ತು.

ಭಾವ ಸಭೆಗೆ ಬರುವುದು ಬೇಡ. ಅವರಿಗೆ ಮೈ ಹುಷಾರಿಲ್ಲ ಎಂದು ನಾನೇ ಹೇಳಿ ಕಾರ್ಯಕ್ರಮದಿಂದ ಹೆಸರು ತೆಗೆಸಿದ್ದೇನೆ. ವೈದ್ಯರಿಗೆ ತೋರಿಸು. ದೀಪ ಉರಿಸಿ ಮಲಗುವುದು ಒಳ್ಳೆಯ ಲಕ್ಷಣವಲ್ಲ.

ನಿನ್ನ ತಮ್ಮ


ಜುಲೈ 17

ಸಾಹೇಬರಿಗೆ,

ನಿಮ್ಮ ಸಭೆ ಚೆನ್ನಾಗಿ ನಡೆಯಿತಂತೆ. ಕುರ್ಚಿಗಳು ಮೆತ್ತಗಿದ್ದವಂತೆ.

ಇವರಿಗೆ ಮೂಟೆಗಳ ಹಿಂದಿನ ಪುಸ್ತಕ ಸಿಕ್ಕಿತ್ತು. ಒಂಬತ್ತನೇ ಪುಟ ತೆರೆದು ಮೇಜಿನ ಮೇಲಿಟ್ಟು, ಒಳ್ಳೆಯ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ್ದರು. ನೀನು ಬರೆದುಕೊಟ್ಟ ಭಾಷಣವೂ ಮೇಜಿನ ಮೇಲೇ ಇತ್ತು. ಸಭೆಯ ಬಾಗಿಲಲ್ಲಿ ಹೆಸರಿಲ್ಲ ಅಂದರಂತೆ. ಗೋಡೆಯ ಮೇಲೆ ಇವರದೇ ಆಳೆತ್ತರದ ಫೋಟೋ. ಕಾವಲಿನವನು ಅದನ್ನು ನೋಡಿದ, ಇವರನ್ನು ನೋಡಿದ, ಒಳಗೆ ಬಿಟ್ಟ. ಹಿಂದಿನ ಸಾಲಿನಲ್ಲಿ ಕೂತರು. ನೀನು ವೇದಿಕೆಯ ಪಕ್ಕ ನಿಂತಿದ್ದೆಯಂತೆ. ಇವರನ್ನು ನೋಡಿದೆಯಂತೆ. ನೋಡಿ, ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸಿಕೊಳ್ಳಲು ಶುರು ಮಾಡಿದೆಯಂತೆ.

ಎದ್ದು ನಿಂತು ಹೇಳಬೇಕೆಂದೇ ಹೋದವರು, ಎಲ್ಲರ ಭಾಷಣ ಮುಗಿಯಲಿ ಎಂದು ಕಾದರು. ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಒಂದು ಫಾರಂ ಹೆಸರು ಹೇಳಿ, ಇವತ್ತು ಅಲ್ಲಿಯೂ ತಪಾಸಣೆ, ಕೈಪಿಡಿಯಲ್ಲಿದ್ದಂತೆ ಇವತ್ತು ಬೆಳಗ್ಗೆ ಅಲ್ಲಿಯೂ ಕೋಳಿಗಳು ಮೊದಲ ಹೆಜ್ಜೆ ಇಟ್ಟಿವೆ ಅಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಹೊರಗೆ ಬಂದು ಫೋನು ಮಾಡಲು ನಂಬರು ಕೇಳಿದರೆ, ಕಚೇರಿಯಲ್ಲಿ ಕೇಳಿ ಅಂದರಂತೆ. ಆ ಊರಿಗೆ ಬಸ್ಸು ಹಿಡಿದರು. ಎರಡು ಬಸ್ಸು ಬದಲಾಯಿಸಿ ತಲುಪುವಷ್ಟರಲ್ಲಿ ಬೆಳಗಾಗಿತ್ತು.

ಅಲ್ಲಿಯ ಯಜಮಾನಿ ಶೆಡ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳಂತೆ. ಅವರಲ್ಲಿ ಬಾಗಿಲ ಸಂದಿ ಇರಲಿಲ್ಲ. ಮೂಲೆ ಇತ್ತು. ಮೂಲೆ ಎಲ್ಲ ಶೆಡ್ಡಿನಲ್ಲೂ ಇರುತ್ತದೆ.

ಅವಳು ಇವರ ಮುಖ ನೋಡಿದಳು. ಎದ್ದು ಒಳಗೆ ಹೋಗಿ ಪುಸ್ತಕ ತಂದು, ಮುಖಪುಟ ನೋಡಿ, ಮತ್ತೆ ಇವರ ಮುಖ ನೋಡಿದಳು. "ಇದು ನೀವೇ ಅಲ್ವಾ? ನೀವು ಹೇಳಿದ ಹಾಗೇ ಮಾಡಿದ್ವಿ" ಅಂದಳಂತೆ. ಜೋರಾಗಿ ಅಲ್ಲ, ಸಾಮಾನ್ಯವಾಗಿ ಮಾತಾಡುವ ಹಾಗೆ.

ಅದನ್ನು ಬರೆದವನು ಬೇರೆ ಅಂತ ಇವರು ಹೇಳಬಹುದಿತ್ತು. ನಿನ್ನ ಹೆಸರು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಇವರು, "ಹೌದಮ್ಮ, ನಾನೇ" ಅಂದರಂತೆ. ಅಂಗಿ ತೋಳು ಮಡಚಿಕೊಂಡು ಒಳಗೆ ಹೋಗಿ, ಅವಳ ಜೊತೆ ಕೂತು ಒಂದೊಂದನ್ನೇ ಬಿಡಿಸಿದರಂತೆ. ಹೊರಡುವಾಗ ಅವಳು ಕುಡಿಯಲು ನೀರು ಕೊಟ್ಟಳಂತೆ.

ಇದೆಲ್ಲ ಹೇಳಲು ಇವರಿಗೆ ಎರಡು ದಿನ ಬೇಕಾಯಿತು. ಕೊನೆಗೆ ನನ್ನನ್ನು ಒಂದೇ ಮಾತು ಕೇಳಿದರು. "ಇನ್ನೂ ಎಷ್ಟು ಕಡೆ ಇದೆ ಅಂತೆ?"

ಅದು ನನಗೆ ಗೊತ್ತಿಲ್ಲ, ನಿನಗೆ ಗೊತ್ತಿದೆ. ಫಾರಂಗಳ ವಿಳಾಸ ಬರೆದು ಕಳಿಸು, ಇವರು ಹೋಗುತ್ತಾರೆ. ಅದರ ಜೊತೆ ನೋವಾಯಿತು ಎಂದು ಬರೆಯಬೇಡ.

ಅಕ್ಕ


ಜುಲೈ 30

ಅಕ್ಕ,

ಕೇಳಿದ ವಿಳಾಸಗಳು ಇದರೊಂದಿಗಿವೆ. ಹೆಸರಿನ ಮುಂದೆ ಗುರುತು ಹಾಕಿರುವ ಕಡೆ ತಪಾಸಣೆ ಮುಗಿದಿದೆ, ಅಲ್ಲಿಗೆ ಭಾವ ಹೋಗುವ ಅಗತ್ಯವಿಲ್ಲ. ಗುರುತಿಲ್ಲದವು ಕೊನೆಯ ಪುಟದಲ್ಲಿವೆ.

ಲಾಟೀನು ಹಿಡಿದಿದ್ದು ನನಗೆ ನೆನಪಿಲ್ಲ.

ಈ ಹಾಳೆಗಳು ನನ್ನಿಂದ ಬಂದವು ಎಂಬುದು ಬಾಯಿಯಲ್ಲಾಗಲಿ ಬರಹದಲ್ಲಾಗಲಿ ಎಲ್ಲೂ ಬರಬಾರದು.